ಓಟದ ಹಾದಿಯಲ್ಲಿ ಹಳೆಯ ಕಾರು

ಕಾಲೇಜಿನಲ್ಲಿ ವರ್ತುಲ ಚಲನೆಯ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ದಾರಕ್ಕೆ ಕಟ್ಟಿದ ಕಲ್ಲನ್ನು ತಲೆಯ ಮೇಲೆ ತಿರುಗಿಸಿ ತೋರಿಸುತ್ತೇವೆ. ದಾರ ಹರಿದರೆ ಕಲ್ಲು ಸ್ಪರ್ಶರೇಖೆಯಲ್ಲಿ ನೇರವಾಗಿ ಹಾರಿಹೋಗುವುದೆಂದು ಹೇಳಿ ಮುಂದಿನ ಪುಟಕ್ಕೆ ಸಾಗುತ್ತೇವೆ. ಆ ಕಲ್ಲಿನ ಸ್ಥಾನದಲ್ಲಿ ನಾವೇ ಕುಳಿತರೆ ಹೇಗಿರುತ್ತದೆಂಬುದು ಮಾತ್ರ ಕೆಲವು ವರ್ಷಗಳ ಹಿಂದೆ, ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿ, ನಮಗೆ ಮನದಟ್ಟಾಯಿತು.

ಗುಡ್‌ವುಡ್ ಇರುವುದು ದಕ್ಷಿಣ ಇಂಗ್ಲೆಂಡಿನ ಚಿಚೆಸ್ಟರ್ ಪಟ್ಟಣದ ಸಮೀಪದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ವಿಮಾನ ನಿಲ್ದಾಣವಿತ್ತು. ಅದರ ಸುತ್ತ ಹಾಕಿದ್ದ ರಸ್ತೆಯೇ ಯುದ್ಧಾನಂತರ, 1948ರಲ್ಲಿ, ಮೋಟಾರು ಪಂದ್ಯದ ಹಾದಿಯಾಯಿತು. ಒಂದು ಸುತ್ತಿಗೆ ಸುಮಾರು 3.8 ಕಿಲೋಮೀಟರು. 1962ರ ಈಸ್ಟರ್ ಸೋಮವಾರದಂದು ಪ್ರಸಿದ್ಧ ಚಾಲಕ ಸ್ಟರ್ಲಿಂಗ್ ಮಾಸ್ ಇಲ್ಲಿಯೇ ಅಪಘಾತಕ್ಕೀಡಾಗಿ ಸುಮಾರು ಒಂದು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ್ದರು. 1966ರಲ್ಲಿ ಪಂದ್ಯಗಳು ನಿಂತುವು. ಹಾದಿಯನ್ನು ಹಿಂದಿನ ರೂಪದಲ್ಲಿಯೇ ಸರಿಪಡಿಸಿ 1998ರಲ್ಲಿ ಮತ್ತೆ ಪಂದ್ಯಗಳನ್ನು ಆರಂಭಿಸಿದರು. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಹಣ ತೆತ್ತ ಹವ್ಯಾಸಿಗಳು ತಮ್ಮ ತಮ್ಮ ಕಾರುಗಳನ್ನು ತಂದು ಇಲ್ಲಿ ಓಡಿಸಬಹುದು. ಇದು ಸ್ಪರ್ಧೆಯಲ್ಲ, ಬಹುಮಾನವಿಲ್ಲ, ಸೋಲುಗೆಲುವಿಲ್ಲ. ಶಿರಸ್ತ್ರಾಣ ಧರಿಸಬೇಕು, ಕಾರು ಮಾಡುವ ಸದ್ದನ್ನು ಅಳೆದು ಮಿತಿಯೊಳಗಿದ್ದರೆ ಮಾತ್ರ ಒಳಗೆ ಬಿಡುತ್ತಾರೆ.

ನಮ್ಮನ್ನು ಅಲ್ಲಿಗೆ ಕರೆದೊಯ್ದವರು ಆ ದೇಶದಲ್ಲಿ ನೆಲೆಸಿರುವ ಗೆಳೆಯರೊಬ್ಬರು. ಅವರ ಕಾರು 1960ರ ದಶಕದ ಎಂಜಿಬಿ. ಮೇಲ್ಛಾವಣಿಯನ್ನು ಮಡಿಸಿಡಬಹುದಾದ, ಇಬ್ಬರು ಕೂರುವ ಪುಟ್ಟ ಗಾಡಿ. ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಜಾತಿಯ ಕಾರುಗಳು ಐದು ಲಕ್ಷಕ್ಕೂ ಹೆಚ್ಚು. ಎಂಜಿನ್ನಿನ ಗಾತ್ರ 1798 ಘನ ಸೆಂಟಿಮೀಟರು. ಶಕ್ತಿ ಸುಮಾರು 95 ಅಶ್ವಶಕ್ತಿ. ಇಂದಿನ ಕಾರುಗಳಲ್ಲಿ ಚಾಲಕನ ತಪ್ಪನ್ನು ಕ್ಷಣಾರ್ಧದಲ್ಲಿ ತಿದ್ದುವ ವಿದ್ಯುನ್ಮಾನ ಸಾಧನಗಳಿರುತ್ತವೆ. ಇದರಲ್ಲಿ ಅಂಥದೊಂದೂ ಇಲ್ಲ. ಆದುದರಿಂದಲೇ ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರಿಲ್ಲ.

ಬೆಳಗ್ಗೆ ಗೆಳೆಯರು ಓಡಿಸಿದರು. ಮಧ್ಯಾಹ್ನ ಬೋಧಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ಚಕ್ರ ಹಿಡಿದೆವು.

ಮೊದಲು ತಿರುವಿನ ವಿಚಾರವನ್ನು ನೋಡೋಣ. ಕಲ್ಲನ್ನು ಒಳಕ್ಕೆ ಎಳೆಯುವುದು ದಾರ. ಕಾರನ್ನು ಒಳಕ್ಕೆ ತಳ್ಳುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ನಾಲ್ಕು ಟೈರುಗಳೂ ನೆಲವನ್ನು ಮುಟ್ಟುವುದು ಒಂದೊಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಘರ್ಷಣೆಯ ಗುಣಾಂಕ 0.8 ಎಂದೂ ತಿರುವಿನ ತ್ರಿಜ್ಯ 100 ಮೀಟರು ಎಂದೂ ಇಟ್ಟುಕೊಂಡರೆ, ಸಮತಟ್ಟಾದ ರಸ್ತೆಯಲ್ಲಿ ಜಾರದೆ ತಿರುಗಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 28 ಮೀಟರು, ಎಂದರೆ ಗಂಟೆಗೆ ಸುಮಾರು 100 ಕಿಲೋಮೀಟರು. ಮಳೆ ಬಂದು ಗುಣಾಂಕ ಅರ್ಧಕ್ಕಿಳಿದರೆ ಈ ವೇಗ ಸುಮಾರು 71ಕ್ಕೆ ಇಳಿಯುತ್ತದೆ. ಕಾರಿನ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲವೆಂಬುದು ಗಮನಾರ್ಹ.

ಹಾಗಾದರೆ ನುರಿತ ಚಾಲಕನು ಅದೇ ತಿರುವನ್ನು ಹೆಚ್ಚು ವೇಗವಾಗಿ ದಾಟುವುದು ಹೇಗೆ? ಅವನು ರಸ್ತೆಯ ಹೊರ ಅಂಚಿನಿಂದ ಹೊರಟು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬರುತ್ತಾನೆ. ರಸ್ತೆಯ ಅಗಲವನ್ನೆಲ್ಲ ಬಳಸಿಕೊಂಡು ದೊಡ್ಡ ವೃತ್ತವೊಂದರ ತುಣುಕನ್ನು ಎಳೆಯುತ್ತಾನೆ. ತ್ರಿಜ್ಯ 100ರಿಂದ 144 ಮೀಟರಿಗೆ ಏರಿದರೆ ವೇಗ 1.2 ಪಟ್ಟಾಗುತ್ತದೆ. ಇದು ಧೈರ್ಯದ ಮಾತಲ್ಲ, ರೇಖಾಗಣಿತದ ಮಾತು.

ಇನ್ನೊಂದು ಸಂಗತಿ. ಟೈರಿನ ಹಿಡಿತ ಒಂದು ಮನೆಯ ವರಮಾನದಂತೆ. ತಿರುಗುವುದಕ್ಕೂ ನಿಲ್ಲಿಸುವುದಕ್ಕೂ ಅದೊಂದರಿಂದಲೇ ಖರ್ಚು ಮಾಡಬೇಕು. ಆದರೆ ಇವೆರಡು ಬಲಗಳು ಪರಸ್ಪರ ಲಂಬವಾಗಿರುವುದರಿಂದ ಅವುಗಳ ವರ್ಗಗಳನ್ನು ಕೂಡಿಸಬೇಕಾಗುತ್ತದೆ. ಹಿಡಿತದ ಐದರಲ್ಲಿ ನಾಲ್ಕು ಪಾಲು ತಿರುವಿಗೆ ಹೋದರೂ ಬ್ರೇಕಿಗೆ ಐದರಲ್ಲಿ ಮೂರು ಪಾಲು ಉಳಿದಿರುತ್ತದೆ. ತಿರುವಿಗೇ ಐದೂ ಪಾಲು ಹೋಗಿದ್ದರೆ ಉಳಿದದ್ದು ಸೊನ್ನೆ. ಆಗ ಹೆದರಿ ಬ್ರೇಕು ತುಳಿದವನು ಹಾದಿಯನ್ನು ಬಿಟ್ಟು ಹುಲ್ಲಿಗೆ ಇಳಿಯುತ್ತಾನೆ.

ಕೇವಲ ವೇಗವರ್ಧಕದ ಮೇಲಿನ ಕಾಲನ್ನು ಥಟ್ಟನೆ ಎತ್ತಿದರೂ ಅಪಾಯವುಂಟು. ಕಾರು ನಿಧಾನವಾಗುವಾಗ ಅದರ ಭಾರ ಮುಂದಿನ ಚಕ್ರಗಳಿಗೆ ವಾಲುತ್ತದೆ. ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳಿ. ಎಂಜಿಬಿಯ ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರ 2.31 ಮೀಟರು. ಜೋರಾಗಿ ಬ್ರೇಕು ಹಾಕಿದಾಗ ಒಟ್ಟು ತೂಕದ ಶೇಕಡಾ 17ರಷ್ಟು ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಕಾಲೆತ್ತಿದಾಗ ಸರಿಯುವುದು ಇದಕ್ಕಿಂತ ಕಡಿಮೆಯಾದರೂ, ತಿರುವಿನ ನಡುವೆ ಅಷ್ಟೇ ಸಾಕು: ಹಗುರವಾದ ಹಿಂಬದಿ ಜಾರಿ, ಗಾಡಿ ಬುಗುರಿಯಂತೆ ಸುತ್ತುವುದುಂಟು. ಹೆದರಿದಾಗ ಕಾಲೆತ್ತುವುದು ಮನುಷ್ಯನ ಸಹಜ ಸ್ವಭಾವ. ಆ ಸ್ವಭಾವವನ್ನು ಮರೆಸುವುದೇ ಬೋಧಕರ ಮುಖ್ಯ ಕೆಲಸ.

ಇವನ್ನೆಲ್ಲ ನಾವು ಬಲ್ಲೆವೆಂಬ ಹೆಮ್ಮೆ ನಮಗಿತ್ತು. ಐದನೆಯ ಸುತ್ತಿನಲ್ಲಿ ಅದು ಇಳಿಯಿತು. ಲಾವಂಟ್ ಎಂಬ ನೇರ ಹಾದಿ ಮುಗಿದು ವುಡ್‌ಕೋಟ್ ಎಂಬ ಬಲ ತಿರುವು ಬರುವಲ್ಲಿ ಬ್ರೇಕು ತುಳಿದೆವು. ಪೆಡಲು ನೀರಿನಲ್ಲಿ ಕಾಲಿಟ್ಟಂತೆ ಮೆತ್ತಗೆ ಕೆಳಗಿಳಿದು ತಳ ಮುಟ್ಟಿತು; ಕಾರು ನಿಧಾನವಾಗಲಿಲ್ಲ. ಮತ್ತೆ ಮತ್ತೆ ತುಳಿಯಿರೆಂದು ಬೋಧಕರು ಕೂಗಿದರು. ಮೂರನೆಯ ತುಳಿತಕ್ಕೆ ಒಂದಿಷ್ಟು ಗಟ್ಟಿ ಸಿಕ್ಕಿತು. ಕೆಳಗಿನ ಗೇರಿಗೆ ಇಳಿಸಿ ತಿರುಗಿಸಿದೆವು. ಎಡಗಡೆಯ ಚಕ್ರಗಳು ಹುಲ್ಲನ್ನು ಸವರಿಕೊಂಡು ಬಂದುವು. ಕಾರಿಗೂ ನಮಗೂ ಏನೂ ಆಗಲಿಲ್ಲ. ಆದರೆ ಗಾಡಿ ನಿಂತ ಮೇಲೆಯೂ ಬಹಳ ಹೊತ್ತು ಕೈ ನಡುಗುತ್ತಿತ್ತು.

ಆದದ್ದೇನು? ಲೆಕ್ಕ ಸರಳ. ಕಾರೂ ಅದರಲ್ಲಿದ್ದ ಇಬ್ಬರೂ ಸೇರಿ ಸುಮಾರು ಸಾವಿರ ಕಿಲೋಗ್ರಾಂ. ಗಂಟೆಗೆ 144 ಕಿಲೋಮೀಟರು ವೇಗದಲ್ಲಿ ಚಲನಶಕ್ತಿ ಎಂಟು ಲಕ್ಷ ಜೂಲು; 72ರಲ್ಲಿ ಎರಡು ಲಕ್ಷ. ನಡುವಣ ಆರು ಲಕ್ಷ ಜೂಲು ಎಲ್ಲಿಗೆ ಹೋಯಿತು? ಗಾಳಿಯೂ ಎಂಜಿನ್ನೂ ಸ್ವಲ್ಪ ಪಾಲನ್ನು ಹೊರುತ್ತವೆ. ಉಳಿದದ್ದೆಲ್ಲ ಬ್ರೇಕಿನಲ್ಲಿ ಉಷ್ಣವಾಗುತ್ತದೆ. ಅಷ್ಟು ಉಷ್ಣದಿಂದ ಒಂದೂ ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದರಲ್ಲಿ ನಾಲ್ಕು ಲಕ್ಷ ಜೂಲು ಮುಂದಿನ ಎರಡು ಕಬ್ಬಿಣದ ತಟ್ಟೆಗಳಿಗೆ ಸೇರಿತೆನ್ನಿ. ಒಂದೊಂದು ತಟ್ಟೆ ನಾಲ್ಕು ಕಿಲೋಗ್ರಾಂ ಇದ್ದರೆ, ಒಂದೇ ತುಳಿತಕ್ಕೆ ಅವುಗಳ ಉಷ್ಣತೆ ಸುಮಾರು 110 ಡಿಗ್ರಿ ಏರುತ್ತದೆ. ತಟ್ಟೆ ತಣಿಯುವ ಮೊದಲೇ ಮುಂದಿನ ತಿರುವು ಬರುತ್ತದೆ. ಹೀಗೆ ಉಷ್ಣವು ಸುತ್ತಿನಿಂದ ಸುತ್ತಿಗೆ ಬಡ್ಡಿಯಂತೆ ಬೆಳೆಯುತ್ತದೆ.

ಕಾಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವುದು ಕೊಳವೆಯಲ್ಲಿರುವ ದ್ರವ. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಆ ಗುಣದಿಂದಲೇ ಅದು ಕೆಲಸಕ್ಕೆ ಬರುತ್ತದೆ. ಆದರೆ ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಚಟವುಂಟು. ಡಾಟ್ 4 ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಕೂಡದೆಂದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಕಡೆ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯನ್ನಾದರೋ ಸುಲಭವಾಗಿ ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿದುಹೋಗುತ್ತದೆ. ಮತ್ತೆ ಮತ್ತೆ ತುಳಿದಾಗ ತೊಟ್ಟಿಯಿಂದ ಇನ್ನಷ್ಟು ದ್ರವ ಬಂದು ಆ ಕೊರತೆಯನ್ನು ತುಂಬುತ್ತದೆ. ಗೆಳೆಯರು ಹೊರಡುವ ಮುನ್ನ ಎಣ್ಣೆ ನೋಡಿದ್ದರು, ಟೈರಿಗೆ ಗಾಳಿ ತುಂಬಿಸಿದ್ದರು. ಬ್ರೇಕಿನ ದ್ರವವನ್ನು ಬದಲಾಯಿಸಿ ಎಷ್ಟು ವರ್ಷವಾಯಿತೆಂದು ಅವರೂ ಹೇಳಲಾರದಾದರು, ನಾವೂ ಕೇಳಿರಲಿಲ್ಲ.

ಓಟದ ಹಾದಿ ನಮ್ಮ ಓದುಗರಲ್ಲಿ ಬಹುಮಂದಿಗೆ ದೂರದ ಮಾತು. ಆದರೆ ಶಿರಾಡಿ, ಚಾರ್ಮಾಡಿ ಘಟ್ಟಗಳು ದೂರವಲ್ಲ. ಹನ್ನೆರಡು ಟನ್ನಿನ ಬಸ್ಸು 500 ಮೀಟರು ಎತ್ತರದಿಂದ ಇಳಿಯುವಾಗ ಬಿಡುವ ಶಕ್ತಿ ಸುಮಾರು ಆರು ಕೋಟಿ ಜೂಲು. ಎಂದರೆ ನಮ್ಮ ಕಾರಿನ ಒಂದು ತುಳಿತದ ನೂರು ಪಟ್ಟು. ಇದನ್ನೆಲ್ಲ ಬ್ರೇಕೇ ನುಂಗಬೇಕಾದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅನುಭವಿ ಚಾಲಕನು ಕೆಳಗಿನ ಗೇರು ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವುದು ಈ ಕಾರಣಕ್ಕೆ. ಇಂಧನ ಉಳಿಯುವುದೆಂದು ಗೇರು ಬಿಡಿಸಿ ಇಳಿಜಾರಿನಲ್ಲಿ ಗಾಡಿಯನ್ನು ಹರಿಯಬಿಡುವವನು ಆ ಆರು ಕೋಟಿಯನ್ನೂ ಬ್ರೇಕಿನ ಲೆಕ್ಕಕ್ಕೆ ಬರೆಯುತ್ತಾನೆ.

ಮಾರನೆಯ ವಾರ ಗೆಳೆಯರು ಹಳೆಯ ದ್ರವವನ್ನು ತೆಗೆದು ಹೊಸದನ್ನು ತುಂಬಿಸಿದರು. ಹೊರಬಂದದ್ದು ಕಾಫಿಯ ಬಣ್ಣಕ್ಕಿತ್ತು. ಅದರಲ್ಲೊಂದಿಷ್ಟನ್ನು ಸೀಸೆಯಲ್ಲಿ ಹಾಕಿ ಅವರು ತಮ್ಮ ಕಾರುಮನೆಯ ಕಿಟಕಿಯಲ್ಲಿ ಇಟ್ಟಿದ್ದಾರೆ. ನಾವು ಊರಿಗೆ ಮರಳಿ ಮಾಡಿದ ಮೊದಲ ಕೆಲಸವೆಂದರೆ, ನಮ್ಮ ಮನೆಯ ಕಾರಿನ ಬ್ರೇಕಿನ ದ್ರವ ಯಾವ ವರ್ಷದ್ದೆಂದು ವಿಚಾರಿಸಿದ್ದು.