ಕಿಡ್ನಿಗೆ ಹೋಗುವ ದಾರಿಗಳು

ಖಿದಿರ್‌ಪುರ ಬಂದರಿನಲ್ಲಿ ಮೂಟೆ ಹೊರುವ ಹಮಾಲರೊಬ್ಬರು ಹೋದ ಚಳಿಗಾಲದಲ್ಲಿ ನನ್ನೆದುರು ಕುಳಿತಿದ್ದರು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಎಡ ಕಿಡ್ನಿ ಪೂರ್ತಿ ಕೆಟ್ಟಿತ್ತು, ತೆಗೆಯಲೇಬೇಕಿತ್ತು. ಅವರು ಕೇಳಿದ್ದಿಷ್ಟೇ: ‘ಡಾಕ್ಟರ್‌ಬಾಬು, ಎಲ್ಲಿ ಕೊಯ್ಯುತ್ತೀರಿ? ಆಮೇಲೆ ಮೂಟೆ ಎತ್ತಬಹುದಾ?’

ನನಗೆ ದಾವಣಗೆರೆಯಲ್ಲಿರುವ ಅಪ್ಪ ನೆನಪಾದರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಕಿಡ್ನಿ ಕಲ್ಲಿನ ಆಪರೇಷನ್ ಆಗಿತ್ತು. ಪಕ್ಕೆಯಿಂದ ಹೊಟ್ಟೆಯ ಕಡೆಗೆ ಗೇಣುದ್ದದ ಗುರುತು. ಗಾಯ ಮಾಗಿದರೂ ಆ ಪಕ್ಕೆ ಉಬ್ಬಿಕೊಂಡೇ ಉಳಿಯಿತು. ಅಂಗಿ ಬಿಚ್ಚಲು ಅವರಿಗೆ ಇಂದಿಗೂ ಸಂಕೋಚ. ಹೊಲಿಗೆ ಬಿಟ್ಟಿದೆ ಎಂದೇ ಮನೆಯವರೆಲ್ಲ ನಂಬಿದ್ದೆವು. ಹನ್ನೆರಡನೇ ಪಕ್ಕೆಲುಬಿನ ಕೆಳಗೆ ಸಾಗುವ ನರಕ್ಕೆ ಪೆಟ್ಟಾದರೆ ಅಲ್ಲಿನ ಸ್ನಾಯು ಬಲ ಕಳೆದುಕೊಂಡು ಹೀಗೆ ಜೋಲುತ್ತದೆ ಎಂಬುದು ನಾನು ವೈದ್ಯನಾದ ಮೇಲೆ ತಿಳಿಯಿತು.

ಹಾಗೆಂದು ಪಕ್ಕೆಯ ದಾರಿ ತಪ್ಪಲ್ಲ. ಕಿಡ್ನಿ ಇರುವುದು ಹೊಟ್ಟೆಯ ಒಳಪೊರೆಯ ಹಿಂದೆ, ಬೆನ್ನಿನ ಕಡೆಗೆ. ಪಕ್ಕೆಯಿಂದ ಹೋದರೆ ಆ ಪೊರೆ ತೆರೆಯಬೇಕಿಲ್ಲ. ಕೀವು, ಮೂತ್ರ ಕರುಳಿನತ್ತ ಹರಡುವ ಭಯ ಕಡಿಮೆ. 1869ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ಮೊದಲ ಬಾರಿಗೆ ಯೋಜಿಸಿಯೇ ಕಿಡ್ನಿ ತೆಗೆದದ್ದೂ ಸೊಂಟದ ಕಡೆಯಿಂದ. ಬೆನ್ನಿನಲ್ಲಿ ನೇರವಾಗಿ ಕೊಯ್ದರೆ ಸ್ನಾಯುಗಳನ್ನು ಕತ್ತರಿಸದೆ ಸರಿಸಬಹುದು, ನೋವು ಕಡಿಮೆ. ಆದರೆ ಕೈಯಾಡಿಸಲು ಜಾಗ ಇಕ್ಕಟ್ಟು. ದೊಡ್ಡ ಗಡ್ಡೆಯಿದ್ದರೆ ಹೊಟ್ಟೆಯ ಮುಂಭಾಗದಿಂದ ಹೋಗುವುದೇ ಅನುಕೂಲ, ರಕ್ತನಾಳಗಳನ್ನು ಮೊದಲೇ ಹಿಡಿಯಬಹುದು. ಅಲ್ಲಿ ಕರುಳನ್ನು ಸರಿಸಿಕೊಂಡು ಕೆಲಸ ಮಾಡಬೇಕು.

1990ರಲ್ಲಿ ಅಮೆರಿಕದ ಡಾ. ಕ್ಲೇಮನ್ ತಂಡ ಲ್ಯಾಪರೋಸ್ಕೋಪಿಯಿಂದ ಕಿಡ್ನಿ ತೆಗೆಯಿತು. 1992ರಲ್ಲಿ ಮುಂಬೈನ ಡಾ. ಗೌರ್, ಬೆನ್ನಿನ ಕಡೆಯಿಂದ ಬಲೂನು ಉಬ್ಬಿಸಿ ಒಳಗೆ ಜಾಗ ಮಾಡಿಕೊಳ್ಳುವ ಉಪಾಯ ಪ್ರಕಟಿಸಿದರು. ಈಗ ಎಲ್ಲರೂ ಕೇಳುವುದು ‘ತೂತಿನ ಆಪರೇಷನ್’. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು, ನಿಜ. ಆದರೆ ಹಳೆಯ ಸೋಂಕಿನಿಂದ ಕಿಡ್ನಿ ಸುತ್ತಲಿನದಕ್ಕೆ ಅಂಟಿದ್ದರೆ ತೂತಿನಿಂದ ಬಿಡಿಸುವುದು ಕಷ್ಟ, ರಕ್ತಸ್ರಾವದ ಅಪಾಯವೂ ಹೆಚ್ಚು.

ಹಮಾಲರಿಗೆ ಇದನ್ನೇ ಹೇಳಿದೆ: ‘ತೂತಿನಿಂದ ಶುರು ಮಾಡುತ್ತೇನೆ. ಬಿಡಿಸಲಾಗದಿದ್ದರೆ ಪಕ್ಕೆ ತೆರೆಯುತ್ತೇನೆ.’ ಅವರು ಒಪ್ಪಿ ಹೆಬ್ಬೆಟ್ಟು ಒತ್ತಿದರು. ಒಳಗೆ ನೋಡಿದರೆ ಎಲ್ಲವೂ ಗಟ್ಟಿಯಾಗಿ ಅಂಟಿತ್ತು. ತೆರೆದೆ. ಆ ನರವನ್ನು ಹುಡುಕಿ, ಬದಿಗೆ ಸರಿಸಿ ಮುಂದುವರಿದೆ. ಆ ಹೊತ್ತಿನಲ್ಲಿ ಅಪ್ಪನ ಪಕ್ಕೆ ಕಣ್ಣಮುಂದಿತ್ತು.

ಮೂರು ತಿಂಗಳ ಮೇಲೆ ಬಂದು ಅಂಗಿ ಎತ್ತಿ ತೋರಿಸಿದರು. ಉಬ್ಬಿರಲಿಲ್ಲ. ‘ಭಾರ ಎತ್ತುವುದನ್ನು ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ’ ಎಂದೆ. ‘ಅರ್ಧ ಮೂಟೆಗೆ ಯಾರು ಕೂಲಿ ಕೊಡುತ್ತಾರೆ ಬಾಬು?’ ಎಂದು ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ.

ಊರಿಂದ ದೂರವಿರುವ ನಮಗೆ ಇಂಥ ಸುದ್ದಿ ಬರುವುದು ಫೋನಿನಲ್ಲೇ. ‘ದೊಡ್ಡ ಗಾಯವೋ ಚಿಕ್ಕದೋ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಈ ದಾರಿಯೇ ಏಕೆ, ಸಾಧ್ಯವಾಗದಿದ್ದರೆ ಮುಂದೇನು, ಕೆಲಸಕ್ಕೆ ಮರಳುವುದು ಯಾವಾಗ, ಈ ಮೂರನ್ನೂ ವೈದ್ಯರ ಬಳಿ ಕೇಳಲು ಹೇಳಿ. ಅಪ್ಪನ ಆಪರೇಷನ್ ದಿನ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.