ಹೊಲದ ಮಣ್ಣು, ಹಳ್ಳದ ಮೀನು



ಟ್ರೌಟ್ ಎಂಬ ಮೀನಿಗೆ ತಣ್ಣಗೆ, ತಿಳಿಯಾಗಿ ಹರಿಯುವ ನೀರೇ ಬೇಕು. ಹಳ್ಳದ ತಳದ ಸಣ್ಣ ಕಲ್ಲುಗಳಲ್ಲಿ ಗುಳಿ ತೋಡಿ ಅದು ಮೊಟ್ಟೆ ಇಡುತ್ತದೆ. ಮೇಲಿನ ಹೊಲದ ಮಣ್ಣು ಕೊಚ್ಚಿ ಬಂದು ಕಲ್ಲಿನ ಸಂದಿ ಮುಚ್ಚಿತೋ, ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಕೂನ್ ಕಣಿವೆಯಲ್ಲಿ ಆದದ್ದೂ ಇದೇ. ಇಳಿಜಾರನ್ನೂ ಬಿಡದೆ ಉತ್ತರು. ಗುಡ್ಡದ ಕಾಡಿಗೂ ದನ ಬಿಟ್ಟರು. ಮಳೆನೀರು ಇಂಗಲಿಲ್ಲ, ಮಣ್ಣು ನಿಲ್ಲಲಿಲ್ಲ. ಹೊಲದಲ್ಲಿ ಕೊರಕಲು, ಹಳ್ಳದಲ್ಲಿ ಹೂಳು. ಬರೀ ಮೀನಿನ ಕಥೆ ಅಂತ ಕಡೆಗಣಿಸಬೇಡಿ. ಆ ಹೂಳು ರೈತನ ಮೇಲ್ಮಣ್ಣೇ ಅಲ್ಲವೇ?

1933ರಲ್ಲಿ ಸರ್ಕಾರವೂ ರೈತರೂ ಕೂಡಿ ಕೆಲಸ ಹಿಡಿದರು. ಒಂದು ಹಳ್ಳಕ್ಕೆ ನೀರು ಹರಿಸುವ ಭೂಮಿಯನ್ನೆಲ್ಲ ಒಟ್ಟಿಗೆ ತಿದ್ದುವ ಕೆಲಸ ಆ ದೇಶದಲ್ಲಿ ಅದೇ ಮೊದಲು. ಇಳಿಜಾರಿಗೆ ಅಡ್ಡಲಾಗಿ ಉತ್ತು, ಒಂದು ಪಟ್ಟಿ ಮುಸುಕಿನ ಜೋಳ, ಪಕ್ಕದ ಪಟ್ಟಿಯಲ್ಲಿ ಮೇವು ಬೆಳೆದರು. ಕಾಡಿಗೆ ಬೇಲಿ ಹಾಕಿದರು. ದನಕ್ಕೇನು ಗತಿ ಅಂತೀರಾ? ಆ ಮೇವಿನ ಪಟ್ಟಿ ಇತ್ತಲ್ಲ! ನೀರು ಇಂಗಿ ನೆಲದೊಳಗಿನ ತಣ್ಣನೆಯ ಸೆಲೆಗಳು ಹಳ್ಳಕ್ಕೆ ಹರಿದವು. ವರ್ಷಗಳು ಕಳೆದಂತೆ ಟ್ರೌಟ್ ಮೀನೂ ಹೆಚ್ಚಿತು.

ಇನ್ನು ತಿಪ್ಪೆಯ ಮಾತು. ಅದರ ರಸ ಹಳ್ಳ ಸೇರಿದರೆ, ಕೊಳೆಯುತ್ತ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿಬಿಡುತ್ತದೆ. ತಿಪ್ಪೆಯನ್ನು ದಂಡೆಯಿಂದ ದೂರವೇ ಹಾಕಿ. ಸುತ್ತ ಒಂದು ಬದು ಇರಲಿ.