192ರಲ್ಲಿ ಇಳಿಸಿದರೆ ಚೆಂಡೆ ಚೆನ್ನಾಗಿ ಕೇಳುತ್ತದೆಯೇ?

"ಮಾರಾಯ್ರೆ, ಹೇಗೂ ಕಂಪ್ಯೂಟರಿಗೆ ಹಾಕುತ್ತೀರಲ್ಲ, 192ರಲ್ಲೇ ಹಾಕಿಬಿಡಿ. ಜಾಗದ ಚಿಂತೆ ಬೇಡ, ಹೊಸ ಹಾರ್ಡ್‌ಡಿಸ್ಕ್ ತಂದಿದ್ದೇನೆ."

ಹಳೆಯ ಮಿನಿಡಿಸ್ಕ್‌ಗಳ ಡಬ್ಬಿ ಹಿಡಿದುಕೊಂಡು ಬರುವವರ ಬಾಯಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಕೆಲವರು 192 (ಅಂದರೆ 192 ಕಿಲೋಹರ್ಟ್ಸ್, ಧ್ವನಿಯನ್ನು ಸೆಕೆಂಡಿಗೆ 192 ಸಾವಿರ ಸಲ ಅಳೆಯುವ ಮಟ್ಟ) ಎನ್ನುತ್ತಾರೆ, ಕೆಲವರು ಹೈ-ರೆಸ್ ಎನ್ನುತ್ತಾರೆ, ಹೆಸರು ಗೊತ್ತಿಲ್ಲದವರು 'ಇದ್ದದ್ದರಲ್ಲಿ ಮೇಲಿನ ಕ್ವಾಲಿಟಿ' ಎಂದು ಬಿಡುತ್ತಾರೆ. ಹಳೆಯ ಡಿಜಿಟಲ್ ರೆಕಾರ್ಡರಿನಿಂದ ತೆಗೆಯುವಾಗ ಕಂಪ್ಯೂಟರಿನಲ್ಲಿ ದೊಡ್ಡ ಅಂಕಿ ಆರಿಸಿದರೆ ಧ್ವನಿ ಮೊದಲಿಗಿಂತ ಚೆನ್ನಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಆಗುವುದಿಲ್ಲ. ಕೂದಲೆಳೆಯಷ್ಟೂ ಆಗುವುದಿಲ್ಲ. ಹಾಗೆಂದು ಹೇಳಿದರೆ ಎದುರಿಗಿದ್ದವರ ಮುಖದಲ್ಲಿ 'ಇವರಿಗೆ ಕೆಲಸ ಮಾಡಲು ಉದಾಸೀನ' ಎಂಬ ಭಾವ ಮೂಡುತ್ತದೆ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ನೋಡುತ್ತೇನೆ.

ಡಿಸ್ಕಿನೊಳಗೆ ಏನಿದೆ ಎಂದು ತಿಳಿದರೆ ಅರ್ಧ ಜಗಳ ಮುಗಿಯುತ್ತದೆ. ಸೋನಿ ಕಂಪನಿ 1992ರಲ್ಲಿ ಮಿನಿಡಿಸ್ಕ್ ತಂದಾಗ 64 ಮಿಲಿಮೀಟರ್ ಅಗಲದ ತಟ್ಟೆಯಲ್ಲಿ 74 ನಿಮಿಷದ ಸಂಗೀತ ಹಿಡಿಸಬೇಕಿತ್ತು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಬೇಕಾದ ಕಡೆ ಇಲ್ಲಿದ್ದದ್ದು 292 ಮಾತ್ರ. ಹಾಗಾಗಿ ಅಟ್ರ್ಯಾಕ್ ಎಂಬ ಸಂಕೋಚನ ವಿಧಾನ ಬಳಸಿದರು. ಜೋರಾದ ಒಂದು ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಲೆಕ್ಕಹಾಕಿ ಅದು ಕೈಬಿಡುತ್ತದೆ. ಕೈಬಿಟ್ಟದ್ದು ಎಲ್ಲಿಯೂ ಬಚ್ಚಿಟ್ಟುಕೊಂಡಿಲ್ಲ. ರೆಕಾರ್ಡ್ ಮಾಡಿದ ಆ ರಾತ್ರಿಯೇ ಹೋಯಿತು.

ಆಮೇಲೆ 2000ದಲ್ಲಿ ಎಲ್‌ಪಿ-2, ಎಲ್‌ಪಿ-4 ಎಂಬ ದೀರ್ಘ ರೆಕಾರ್ಡಿಂಗ್ ವಿಧಾನಗಳು ಬಂದವು. ಎಲ್‌ಪಿ-4ರಲ್ಲಿ ಸೆಕೆಂಡಿಗೆ 66 ಕಿಲೋಬಿಟ್. 80 ನಿಮಿಷದ ಡಿಸ್ಕಿಗೆ 320 ನಿಮಿಷ ಹಿಡಿಸುತ್ತದೆ. ಇಡೀ ರಾತ್ರಿಯ ತಾಳಮದ್ದಳೆ ಹಿಡಿಯಹೊರಟವರಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಏನು? ನನ್ನ ಕೈಗೆ ಬರುವ ಕರಾವಳಿಯ ಡಿಸ್ಕ್‌ಗಳಲ್ಲಿ ಎಲ್‌ಪಿ-4 ಯಥೇಚ್ಛ. ಅರ್ಥಧಾರಿಗಳ ಮಾತು ಅದರಲ್ಲಿ ಪರವಾಗಿಲ್ಲ, ಒಂದಕ್ಷರ ಬಿಡದೆ ಕೇಳುತ್ತದೆ. ಚೆಂಡೆ ಏರಿ, ಜಾಗಟೆಯೂ ಸೇರಿತೋ, ಆಗ ನೋಡಬೇಕು: ಲೋಹದ ನಾದವೆಲ್ಲ ಕಲಸಿಹೋಗಿ ನೀರಿನೊಳಗೆ ಬಾರಿಸಿದ ಹಾಗೆ. ಇಂಥ ಧ್ವನಿಯೆಂದರೆ ಸಂಕೋಚನ ವಿಧಾನಗಳಿಗೆ ಅತ್ಯಂತ ಕಷ್ಟ. ಒಮ್ಮೆಗೇ ಸಿಡಿಯುತ್ತದೆ, ಎಲ್ಲ ಆವರ್ತನಗಳಲ್ಲೂ ಹರಡುತ್ತದೆ. ಜನ 192ರಲ್ಲಿ ಇಳಿಸಿ ಎಂದು ಪಟ್ಟು ಹಿಡಿಯುವುದು ಇದನ್ನು ಸರಿಮಾಡಲೆಂದೇ.

ಈಗ ಲೆಕ್ಕ ಮಾಡೋಣ. ಮಾಮೂಲಿ ಮಟ್ಟದಲ್ಲಿ ತುಂಬಿದ 74 ನಿಮಿಷದ ಡಿಸ್ಕಿನಲ್ಲಿರುವ ಸಂಗೀತದ ದತ್ತಾಂಶ ಸುಮಾರು 160 ಎಂಬಿ. ಅದನ್ನೇ ಬಿಡಿಸಿ ಸಿ.ಡಿ. ಮಟ್ಟದಲ್ಲಿ ಬರೆದರೆ 780 ಎಂಬಿ. ಈ ಗೆಳೆಯರ ಆಸೆಯಂತೆ 192 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಬರೆದರೆ 5 ಜಿಬಿ ದಾಟುತ್ತದೆ. ಹೆಚ್ಚುವರಿಯಾಗಿ ಸೇರಿದ್ದೇನು? ಎರಡು ಬಿಂದುಗಳ ನಡುವೆ ಕಂಪ್ಯೂಟರ್ ಲೆಕ್ಕಹಾಕಿ ತುಂಬಿದ ಬಿಂದುಗಳು. ಸೇರಿನಲ್ಲಿ ಅಳೆದ ಅಕ್ಕಿಯನ್ನು ಕೊಪ್ಪರಿಗೆಗೆ ಸುರಿದರೆ ಅನ್ನ ಹೆಚ್ಚಾಗುತ್ತದೆಯೇ?

ನನ್ನ ಮಾತು ನಂಬಬೇಡಿ. ಅಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಫೈಲು ತೆರೆದು ಸ್ಪೆಕ್ಟ್ರೋಗ್ರಾಂ ನೋಟ ಆರಿಸಿ. ಅಡ್ಡಕ್ಕೆ ಕಾಲ, ನೆಟ್ಟಗೆ ಆವರ್ತನ. ಮಿನಿಡಿಸ್ಕ್ ಸೆಕೆಂಡಿಗೆ 44,100 ಮಾದರಿಗಳ ಯಂತ್ರ. ಅದರ ಅರ್ಧ, ಅಂದರೆ 22 ಕಿಲೋಹರ್ಟ್ಸ್‌ನ ಆಚೆಗೆ ಅದು ಏನನ್ನೂ ಹಿಡಿಯಲಾರದು. 192ರ ಫೈಲಿನಲ್ಲಿ 96 ಕಿಲೋಹರ್ಟ್ಸ್‌ವರೆಗೆ ಜಾಗ ಇದೆ. ಚಿತ್ರದ ಕೆಳಗಿನ ಕಾಲು ಭಾಗದಲ್ಲಿ ಭಾಗವತರು, ಮದ್ದಳೆ, ಸಭೆಯ ಕೆಮ್ಮು ಎಲ್ಲ ಇರುತ್ತವೆ. ಅದರ ಮೇಲಿನ ಮುಕ್ಕಾಲು ಭಾಗ ಕಪ್ಪು, ಇಲ್ಲವೇ ತಂತಿಯಲ್ಲಿ ಸೇರಿಕೊಂಡ ಗೊರಗೊರ. ಎಲ್‌ಪಿ-4ರದ್ದಾದರೆ ಕಪ್ಪು ಇನ್ನೂ ಕೆಳಗಿನಿಂದಲೇ ಶುರು. ಆ ಮುಕ್ಕಾಲು ಭಾಗಕ್ಕೆಂದೇ ಹೊಸ ಹಾರ್ಡ್‌ಡಿಸ್ಕ್ ತಂದದ್ದು. ಅಂದ ಹಾಗೆ, ಅರುವತ್ತು ದಾಟಿದ ನಮ್ಮಂಥವರ ಕಿವಿಗೆ 15 ಕಿಲೋಹರ್ಟ್ಸ್‌ನ ಮೇಲಿನದ್ದು ಕೇಳುವುದೇ ಅಪರೂಪ. ಇದನ್ನು ಹೇಳಿದರೆ ಮಾತ್ರ ಎಲ್ಲರಿಗೂ ಬೇಸರ.

ಈ ನಂಬಿಕೆಯಲ್ಲಿ ಸತ್ಯದ ಒಂದು ಚೂರು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೈಯಲ್ಲಿ ಹಿಡಿಯುವ ಮಿನಿಡಿಸ್ಕ್ ಯಂತ್ರಗಳಲ್ಲಿ ಬಹುತೇಕ ಎಲ್ಲದರಲ್ಲೂ ಡಿಜಿಟಲ್ ಒಳದಾರಿ ಉಂಟು, ಹೊರದಾರಿ ಇಲ್ಲ. ಹೆಡ್‌ಫೋನಿನ ತೂತಿನಿಂದ ತಂತಿ ಎಳೆದು ಕಂಪ್ಯೂಟರಿಗೆ ಕೊಡಬೇಕು, ಧ್ವನಿಯನ್ನು ಹೊಸದಾಗಿ ಅಳೆಯಬೇಕು. ಆಗ 16ರ ಬದಲು 24 ಬಿಟ್ ಆರಿಸಿದರೆ ಅನುಕೂಲವಿದೆ. ಮಟ್ಟವನ್ನು ಕೆಳಗಿಟ್ಟುಕೊಂಡು, ಅತಿ ಜೋರಾದ ಪೆಟ್ಟು ಸೊನ್ನೆಗಿಂತ ಹತ್ತು ಡೆಸಿಬೆಲ್ ಕೆಳಗೇ ನಿಲ್ಲುವ ಹಾಗೆ ಆರಾಮವಾಗಿ ರೆಕಾರ್ಡ್ ಮಾಡಬಹುದು. ಚೆಂಡೆಯ ಪೆಟ್ಟು ಮಿತಿ ಮೀರಿ ಒಡೆಯುವುದಿಲ್ಲ. ಇದು ಯಂತ್ರದಿಂದ ಬಂದದ್ದನ್ನು ಕೆಡಿಸದೆ ಹಿಡಿಯುವ ಎಚ್ಚರ ಅಷ್ಟೆ. ಬಾರದ್ದನ್ನು ತರಿಸುವ ಮಂತ್ರ ಅಲ್ಲ. ಮಾದರಿ ಸಂಖ್ಯೆ 44.1 ಇದ್ದಲ್ಲೇ ಇರಲಿ. ಡ್ಯಾಟ್ ಎಂಬ ಡಿಜಿಟಲ್ ಟೇಪಿನಲ್ಲಿ 48ರಲ್ಲಿ ರೆಕಾರ್ಡ್ ಆಗಿದ್ದರೆ 48ರಲ್ಲೇ ತೆಗೆಯಿರಿ. ಇದಕ್ಕಿಂತ ಮುಖ್ಯವಾದ ಸಂಗತಿಗಳನ್ನು ಯಾರೂ ಕೇಳುವುದಿಲ್ಲ: ಯಂತ್ರದಲ್ಲಿ ಮೆಗಾ ಬಾಸ್ ಆನ್ ಆಗಿಯೇ ಉಳಿದಿದೆಯೇ? ಕಂಪ್ಯೂಟರಿನ ಮೈಕ್ ತೂತಿಗೆ ಸಿಕ್ಕಿಸಿದ್ದೀರೋ, ಲೈನ್-ಇನ್‌ಗೋ? ಮೆಗಾ ಬಾಸ್ ಹಾಕಿ 192ರಲ್ಲಿ ಇಳಿಸಿದ ಮದ್ದಳೆಯನ್ನು ನಾನು ಕೇಳಿದ್ದೇನೆ. ಗುಡುಗು ವಾಸಿ.

"ಆದರೆ ನನಗೆ ವ್ಯತ್ಯಾಸ ಗೊತ್ತಾಗುತ್ತದಲ್ಲ!" ಎನ್ನುವವರಿಗೆ ಕುರುಡು ಪರೀಕ್ಷೆ ಇದೆ. ಎರಡೂ ಫೈಲುಗಳ ಧ್ವನಿ ಮಟ್ಟ ಸರಿಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಹಾಕಿ ಗುರುತಿಸಲು ಹೇಳುವುದು. ಮಟ್ಟ ಸರಿಸಮ ಮಾಡಲೇಬೇಕು, ಏಕೆಂದರೆ ತುಸು ಜೋರಾಗಿದ್ದದ್ದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಈ ಪರೀಕ್ಷೆಗೆ ಕರೆದರೆ ಮಾತ್ರ ಎಲ್ಲರಿಗೂ ಅದೇ ಹೊತ್ತಿಗೆ ಬಸ್ಸು ಇರುತ್ತದೆ.

ಉಳಿದ ಮೂಢನಂಬಿಕೆಗಳಿಗೆ ಇಷ್ಟು ಜಾಗ ಕೊಡುವ ಅಗತ್ಯವಿಲ್ಲ. ಯುಎಸ್‌ಬಿ ತೂತು ಇದ್ದ ಮಾತ್ರಕ್ಕೆ ಹಾಡು ಹೊರಗೆ ಬರುವುದಿಲ್ಲ: 2001ರ ನೆಟ್‌ಎಂಡಿ ಯಂತ್ರಗಳಿಗೆ ಸೋನಿ ಕೊಟ್ಟ ತಂತ್ರಾಂಶದಲ್ಲಿ ಹಾಡು ಒಳಗೆ ಹೋಗುತ್ತಿತ್ತು, ನೀವೇ ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದೂ ಹೊರಬರುತ್ತಿರಲಿಲ್ಲ. ಹಳೆಯ ಡಿಸ್ಕ್‌ಗಳಿಂದ ಎಳೆಯಲು ಸೋನಿ ಬಿಟ್ಟುಕೊಟ್ಟದ್ದು 2006ರ ಎಂಝಡ್-ಆರ್‌ಎಚ್1 ಮಾದರಿಯಲ್ಲಿ. ಈಗ ಹವ್ಯಾಸಿಗಳು ಬರೆದ ವೆಬ್ ಮಿನಿಡಿಸ್ಕ್ ಪ್ರೋ ಸೋನಿಯ ಇನ್ನು ಕೆಲವು ಮಾದರಿಗಳಿಂದಲೂ ಎಳೆಯುತ್ತದೆ. ಸ್ಪೀಕರಿನ ಪಕ್ಕ ಇಟ್ಟ ಮಿನಿಡಿಸ್ಕ್ ಅಳಿಸಿಹೋಗುವುದಿಲ್ಲ, ಲೇಸರಿನ ಬಿಸಿ ತಾಗದೆ ಅದರ ಮೇಲೆ ಅಯಸ್ಕಾಂತದ ಆಟ ನಡೆಯದು. ಡಿಸ್ಕ್ ಖಾಲಿ ಎಂದು ತೋರಿಸಿದರೆ ಹಾಡು ಹೋಯಿತೆಂದೇ ತಿಳಿಯಬೇಡಿ. ಎಷ್ಟೋ ಸಲ ಹೋಗಿರುವುದು ಪರಿವಿಡಿ ಮಾತ್ರ, ಮೇಲೆ ಬೇರೇನೂ ಬರೆಯದಿದ್ದರೆ ಹಾಡು ಇದ್ದಲ್ಲೇ ಇರುತ್ತದೆ. ಚಿನ್ನದ ಲೇಪದ ಆಪ್ಟಿಕಲ್ ತಂತಿಯ ಬಗ್ಗೆ ಹೇಳುವುದಾದರೆ, ಅದರೊಳಗೆ ಹರಿಯುವುದು ಬೆಳಕು. ಬೆಳಕಿಗೆ ಚಿನ್ನ ಯಾಕೆ?

ಯಾಕೆ ಎಂದು ಯಾರೂ ಕೇಳುವುದಿಲ್ಲ, ಅದೇ ತೊಂದರೆ. ಕ್ಯಾಸೆಟ್ ಕಾಲದ ಯಕ್ಷಗಾನ ಪದಗಳನ್ನು ಯೂಟ್ಯೂಬಿಗೆ ಹಾಕುವವರು '4ಕೆ ರೀಮಾಸ್ಟರ್ಡ್' ಎಂದು ಬರೆಯುತ್ತಾರೆ. 4ಕೆ ಎನ್ನುವುದು ಚಿತ್ರದ ಅಳತೆ; ಅಲ್ಲಿರುವ ಚಿತ್ರ ಭಾಗವತರ ಒಂದೇ ಒಂದು ಸ್ತಬ್ಧ ಫೋಟೋ. ಕೆಳಗೆ ನೂರಾರು ಜನ 'ಆಹಾ, ಎಂಥ ಸ್ಪಷ್ಟತೆ' ಎಂದು ಬರೆದಿರುತ್ತಾರೆ. ಇನ್ನೊಬ್ಬರು ಅದೇ ಪದವನ್ನು 432 ಹರ್ಟ್ಸ್‌ಗೆ ಇಳಿಸಿ, ಕೇಳಿದರೆ ರಕ್ತದೊತ್ತಡ ಕಡಿಮೆಯಾಗುತ್ತದೆ ಎನ್ನುತ್ತಾರೆ. 440 ಎನ್ನುವುದು ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡುವ ಒಂದು ಸ್ವರದ ಅಳತೆ. ಭಾಗವತರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿದು ಹಾಡಿದ್ದನ್ನು, ಹಾರ್ಮೋನಿಯಂನ ಎರಡು ಅಕ್ಕಪಕ್ಕದ ಮನೆಗಳ ಅಂತರದಲ್ಲಿ ಮೂರನೇ ಒಂದರಷ್ಟು ಕೆಳಗೆ ಜಾರಿಸಿ ಅದಕ್ಕೆ ಚಿಕಿತ್ಸೆ ಎಂದು ಹೆಸರಿಡುತ್ತಾರೆ. ಈಗ ಕೃತಕ ಬುದ್ಧಿಮತ್ತೆಯ 'ಕ್ಲೀನ್' ಮಾಡುವ ಸೌಕರ್ಯ ಬಂದಿದೆ. ಮನುಷ್ಯರ ಮಾತನ್ನು ಉಳಿಸಿ ಉಳಿದದ್ದನ್ನು ಗಲಾಟೆ ಎಂದು ತೆಗೆಯಲು ಕಲಿತ ತಂತ್ರಾಂಶ ಅದು. ಅರ್ಥಧಾರಿಯ ಮಾತಿಗೆ ಸಭೆ ನಕ್ಕದ್ದು ಅದಕ್ಕೆ ಗಲಾಟೆ. ಜಾಗಟೆಯೂ ಗಲಾಟೆ.

192 ಬೇಕೇಬೇಕು ಎಂದು ಹಟ ಮಾಡಿದವರೊಬ್ಬರನ್ನು, ಇದನ್ನು ಯಾವುದರಲ್ಲಿ ಕೇಳುತ್ತೀರಿ ಎಂದು ಕೇಳಿದೆ. ಜೇಬಿನಿಂದ ಬ್ಲೂಟೂತ್ ಇಯರ್‌ಫೋನ್ ತೆಗೆದು ತೋರಿಸಿದರು. ಬ್ಲೂಟೂತ್‌ನ ಮಾಮೂಲಿ ಎಸ್‌ಬಿಸಿ ವಿಧಾನ ಧ್ವನಿಯನ್ನು ಮತ್ತೆ ಕುಗ್ಗಿಸಿ ಕಳಿಸುತ್ತದೆ, ಅದೂ ಸಾಮಾನ್ಯವಾಗಿ ಹೆಚ್ಚೆಂದರೆ ಸೆಕೆಂಡಿಗೆ 328 ಕಿಲೋಬಿಟ್. ಮಿನಿಡಿಸ್ಕಿನದ್ದು 292. ಐದು ಜಿಬಿ ಸುತ್ತುಹಾಕಿ ಬಂದು ಹೆಚ್ಚುಕಡಿಮೆ ಹೊರಟಲ್ಲಿಗೇ ಮುಟ್ಟಿದ ಹಾಗಾಯಿತು.

ಈ ಹುಚ್ಚಿನಿಂದ ಹಣ ಪೋಲಾಗುವುದಾದರೆ ಅವರವರ ಹಣ, ನನಗೇನು? ನಿಜವಾದ ನಷ್ಟ ಬೇರೆಯೇ ಇದೆ. '192ರ ಒಳ್ಳೆಯ ಸೌಂಡ್‌ಕಾರ್ಡ್ ಕೊಂಡ ಮೇಲೆ ಒಟ್ಟಿಗೇ ಇಳಿಸುತ್ತೇನೆ' ಎಂದು ಡಿಸ್ಕ್‌ಗಳನ್ನು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಕಾಯುವವರಿದ್ದಾರೆ. ಸೋನಿ ಮಿನಿಡಿಸ್ಕ್ ಪ್ಲೇಯರುಗಳನ್ನು ನಿಲ್ಲಿಸಿದ್ದು 2013ರಲ್ಲಿ, ಖಾಲಿ ಡಿಸ್ಕ್ ತಯಾರಿಕೆ ನಿಲ್ಲಿಸಿದ್ದು 2025ರ ಫೆಬ್ರವರಿಯಲ್ಲಿ. ಡಿಸ್ಕ್ ಗಟ್ಟಿ, ಇನ್ನೂ ಬಾಳುತ್ತದೆ. ಅದನ್ನು ಓದುವ ಯಂತ್ರದ ಲೇಸರ್ ಮಂಕಾಗುತ್ತದೆ, ರಬ್ಬರ್ ಸವೆಯುತ್ತದೆ, ಬಿಡಿಭಾಗ ಸಿಗುವುದಿಲ್ಲ. ಯಂತ್ರ ತಿರುಗುತ್ತಿರುವಾಗಲೇ ಸಿಕ್ಕ ತಂತಿ ಹಾಕಿ, 44.1ರಲ್ಲಿ ತೆಗೆದು, ಏನನ್ನೂ ಕೈಬಿಡದೆ ಕುಗ್ಗಿಸುವ ಫ್ಲಾಕ್ ಫೈಲು ಮಾಡಿ ಎರಡು ಕಡೆ ಇಡಿ. 74 ನಿಮಿಷದ ಡಿಸ್ಕಿಗೆ 74 ನಿಮಿಷ ಹಿಡಿಯುತ್ತದೆ, ಎಲ್‌ಪಿ-4 ಆದರೆ ಸುಮಾರು ಐದು ತಾಸು. ಅಷ್ಟು ಹೊತ್ತು ಕಂಪ್ಯೂಟರಿನ ವಾಟ್ಸ್ಯಾಪ್ ಬಂದ್ ಮಾಡಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಅದರ ಟಣ್ ಟಣ್ ಸದ್ದೂ ಕೃಷ್ಣಸಂಧಾನದ ನಡುವೆ ಸೇರಿಕೊಳ್ಳುತ್ತದೆ.